ದಣಿದರೋ, ದಣಿದಂತೆ ತೋರಿಸಿಕೊಂಡರೋ?

ಓದುಗರ ಪತ್ರ (ಸಂಕ್ಷೇಪಿಸಿದೆ): "ಸಮಾರ್ಯದ ಬಾವಿಯ ಪ್ರಸಂಗವನ್ನು ಕುರಿತು ತಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಮನಸ್ಸಿಗೆ ನೋವಾಯಿತು. ಯೇಸುಸ್ವಾಮಿ ದಣಿದರು, ಅತ್ತರು, ಕಡೆಯ ದಿನ ಯಾವುದೆಂದು ಅವರಿಗೇ ತಿಳಿದಿರಲಿಲ್ಲ ಎಂದೆಲ್ಲ ಬರೆಯಲಾಗಿದೆ. ದೇವರಿಗೆ ದಣಿವೆಲ್ಲಿಯದು? ಎಲ್ಲವನ್ನೂ ಬಲ್ಲವರಿಗೆ ತಿಳಿಯದ್ದು ಯಾವುದು? ನಮಗೆ ಮಾದರಿಯಾಗಲೆಂದು ಅವರು ಹಾಗೆ ತೋರಿಸಿಕೊಂಡರು, ಅಷ್ಟೆ. ಅವರನ್ನು ನಮ್ಮ ಮಟ್ಟಕ್ಕೆ ಇಳಿಸುವುದು ಈಗಿನ ಫ್ಯಾಷನ್. 'ದಣಿದರು' ಎಂಬುದು 'ದಣಿದಂತೆ ತೋರಿದರು' ಎಂದಾಗಬೇಕೆಂದು ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಬೇಕು."

ಸಂಪಾದಕರ ಉತ್ತರ:

ಮಾನ್ಯರೇ,

ನೀಲಿ ಶಾಯಿಯಲ್ಲಿ ಆರು ಪುಟ ತುಂಬಿಸಿ, ಎಲ್ಲಿಯೂ ಒಂದು ಕಾಟು ಹೊಡೆಯದೆ ಬರೆದ ತಮ್ಮ ಪತ್ರವನ್ನು ಎರಡು ಸಲ ಓದಿದೆ. ಜಾಗದ ಅಭಾವದಿಂದ ಅದರ ತಿರುಳನ್ನಷ್ಟೇ ಮೇಲೆ ಅಚ್ಚು ಹಾಕಿಸಿದ್ದೇನೆ. ಬಿಟ್ಟ ಭಾಗದಲ್ಲಿ ನನ್ನನ್ನು ಕುರಿತ ನಾಲ್ಕು ಖಾರದ ಮಾತುಗಳಿದ್ದವು. ಅವು ನನಗೆ ಸಂದವು ಎಂದು ಇಟ್ಟುಕೊಂಡಿದ್ದೇನೆ. ಈ ಮೇಜಿಗೆ ಬರುವ ಸಿಟ್ಟಿನ ಪತ್ರಗಳಲ್ಲಿ ಹೆಚ್ಚಿನವು ಬರೆದವರ ಸ್ವಂತ ಪ್ರತಿಷ್ಠೆಯ ಪತ್ರಗಳು. ತಮ್ಮದು ಹಾಗಲ್ಲ. ತಾವು ಪ್ರೀತಿಸುವವರ ಮರ್ಯಾದೆಗೆ ಕುಂದಾಯಿತೆಂದು ಮಿಡುಕಿ ಬರೆದದ್ದು ಅದು. ಅಂಥ ಪತ್ರಕ್ಕೆ ನಾಲ್ಕು ಸಾಲಿನ ಸಮಜಾಯಿಷಿ ಕೊಟ್ಟು ಕೈತೊಳೆದುಕೊಳ್ಳುವುದು ನನ್ನಿಂದಾಗದು. ಉತ್ತರ ಉದ್ದವಾದರೆ ತಾವು ಸಹಿಸಬೇಕು.

ಮೊದಲು ತಮ್ಮ ಪಕ್ಷದ ಮಾತು. ಯೇಸುವಿನ ದೈವತ್ವವೆಂಬುದು ನಾಲ್ಕನೆಯ ಶತಮಾನದ ಬಿಷಪರು ಕೂಡಿ ಕೈಯೆತ್ತಿ ಹುಟ್ಟಿಸಿದ ಸಿದ್ಧಾಂತ ಎಂಬ ಜನಪ್ರಿಯ ಕಥೆಯನ್ನು ನಾನೂ ಒಪ್ಪುವುದಿಲ್ಲ. 325ರಲ್ಲಿ ನೈಸಿಯಾದ ಪರಿಷತ್ತು ಸೇರುವುದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರದಲ್ಲಿ, ಈ ಜನ ನಸುಕಿನಲ್ಲಿ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಹೊಗಳುತ್ತಾರೆ ಎಂದು ವರದಿ ಮಾಡಿದ್ದಾನೆ. ಅದಕ್ಕೂ ಹಿಂದಿನವು ಪೌಲನ ಪತ್ರಗಳು. ಯೋಹಾನನ ಸುವಾರ್ತೆಯಲ್ಲಿ ತೋಮನು "ನನ್ನ ಕರ್ತನೇ, ನನ್ನ ದೇವರೇ" ಎಂದು ಉದ್ಗರಿಸುತ್ತಾನೆ. ಇದಿಷ್ಟೂ ಸರಿ. ಕ್ರೈಸ್ತ ನಂಬಿಕೆಯೊಳಗೆ ನಿಂತು ಮಾತನಾಡುವವರು ಇದನ್ನು ಬಿಟ್ಟು ಮಾತನಾಡುವಂತಿಲ್ಲ. ನಮ್ಮ ಲೇಖಕರೂ ಬಿಟ್ಟಿರಲಿಲ್ಲ.

ನನ್ನ ತಕರಾರಿರುವುದು ತಾವು ಬಳಸಿದ ಒಂದೇ ಒಂದು ಕ್ರಿಯಾಪದದ ಮೇಲೆ. 'ತೋರಿಸಿಕೊಂಡರು' ಎಂದಿದ್ದೀರಿ. ಭಕ್ತಿಯಿಂದಲೇ ಬಂದ ಮಾತು ಅದು, ಸಂಶಯವಿಲ್ಲ. ಆದರೆ ಕ್ರೈಸ್ತ ಸಭೆ ಹುಟ್ಟಿದ ಮೇಲೆ ಎದುರಿಸಿದ ಮೊದಮೊದಲ ತಪ್ಪು ಬೋಧನೆಗಳಲ್ಲಿ ಒಂದಕ್ಕೆ ಹೆಸರು ಬಂದದ್ದು ಇದೇ ಕ್ರಿಯಾಪದದಿಂದ. ಗ್ರೀಕಿನಲ್ಲಿ 'ದೊಕೆಯಿನ್' ಎಂದರೆ ಹಾಗೆ ತೋರು, ಹಾಗೆ ಕಾಣು. ಕ್ರಿಸ್ತನಿಗೆ ಮೈಯೆಂಬುದು ಇದ್ದಂತೆ ಕಂಡಿತೇ ಹೊರತು ಇರಲಿಲ್ಲ, ನೋವು ಆದಂತೆ ಕಂಡಿತೇ ಹೊರತು ಆಗಲಿಲ್ಲ ಎಂದವರನ್ನು ದೊಸೆಟಿಸ್ಟರು ಎಂದು ಕರೆದರು. ಎರಡನೆಯ ಶತಮಾನದ ಮೊದಲ ವರ್ಷಗಳಲ್ಲಿ, ಕಾಡುಮೃಗಗಳಿಗೆ ಆಹಾರವಾಗಲೆಂದು ಸಂಕೋಲೆ ತೊಡಿಸಿ ರೋಮಿಗೆ ಒಯ್ಯುತ್ತಿದ್ದಾಗ, ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ದಾರಿಯುದ್ದಕ್ಕೂ ಪತ್ರ ಬರೆದರು. ಅವರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪದ 'ನಿಜವಾಗಿ': ನಿಜವಾಗಿ ಹುಟ್ಟಿದರು, ಉಂಡರು, ಕುಡಿದರು, ನಿಜವಾಗಿ ಶಿಲುಬೆಗೇರಿದರು. ಯೇಸುವಿನ ನೋವು ಬರಿಯ ತೋರಿಕೆಯಾಗಿದ್ದರೆ ನನಗೇಕೆ ಈ ಸಂಕೋಲೆ ಎಂದು ಅವರು ಕೇಳುತ್ತಾರೆ. ಗಮನಿಸಿ, ಆ ಮುದುಕರು ಜಗಳವಾಡುತ್ತಿದ್ದದ್ದು ಯೇಸು ದೇವರಲ್ಲ ಎಂದವರ ಜೊತೆಗಲ್ಲ, ಅವರು ಮನುಷ್ಯರೇ ಅಲ್ಲ ಎಂದವರ ಜೊತೆಗೆ.

ಅತಿಭಕ್ತಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಅದೇ ಶತಮಾನದ ವಾಲೆಂಟೈನಸ್ ಎಂಬಾತ ಸಾಕ್ಷಿ. ಯೇಸು ಉಣ್ಣುತ್ತಿದ್ದರು, ಕುಡಿಯುತ್ತಿದ್ದರು, ಆದರೆ ಅವರೊಳಗೆ ಅನ್ನ ಕೆಡುತ್ತಿರಲಿಲ್ಲವಾದ್ದರಿಂದ ಮಲವಿಸರ್ಜನೆ ಇರಲಿಲ್ಲ ಎಂದು ಆತ ಬರೆದನಂತೆ. ಅದನ್ನು ಉದ್ಧರಿಸಿ ಉಳಿಸಿದವರು ಅಲೆಕ್ಸಾಂಡ್ರಿಯದ ಕ್ಲೆಮೆಂಟ್. ತಮಾಷೆಯೆಂದರೆ ಮಹಾ ವಿದ್ವಾಂಸರಾದ ಕ್ಲೆಮೆಂಟರೇ ಇನ್ನೊಂದು ಕಡೆ, ಯೇಸುವಿಗೆ ಊಟದ ಅಗತ್ಯವಿರಲಿಲ್ಲ, ಜೊತೆಗಿದ್ದವರು ತಮ್ಮನ್ನು ಬರಿಯ ತೋರಿಕೆಯೆಂದು ತಿಳಿಯದಿರಲಿ ಎಂದು ಉಣ್ಣುತ್ತಿದ್ದರು ಎನ್ನುತ್ತಾರೆ. ತೋರಿಕೆಯಲ್ಲ ಎಂದು ತೋರಿಸಲಿಕ್ಕೆ ತೋರಿಕೆಯ ಊಟ! ತಾವು ಒಬ್ಬಂಟಿಯಲ್ಲ, ದೊಡ್ಡವರ ಸಹವಾಸದಲ್ಲಿಯೇ ಎಡವಿದ್ದೀರಿ.

ಈಗ ಆ ಬಾವಿಯ ಬಳಿಗೆ ಹೋಗೋಣ. ಯೋಹಾನನ ನಾಲ್ಕನೆಯ ಅಧ್ಯಾಯ. ಹೊತ್ತು ಆರನೆಯ ತಾಸು, ಅಂದರೆ ನೆತ್ತಿಯ ಮೇಲಿನ ಬಿಸಿಲು. ಯೇಸು ದಾರಿ ನಡೆದು ದಣಿದಿದ್ದರು. ಆ 'ದಣಿ'ಗೆ ಮೂಲದಲ್ಲಿರುವ ಕ್ರಿಯಾಪದ ಮೈಮುರಿದು ದುಡಿದವನ ಆಯಾಸಕ್ಕೆ ಬಳಸುವಂಥದು. ಆಮೇಲೆ ಒಂದು ಪುಟ್ಟ ಅವ್ಯಯ ಬರುತ್ತದೆ: 'ಹೂತೋಸ್', 'ಹಾಗೆಯೇ'. ಹಾಗೆಯೇ ಬಾವಿಯ ಬಳಿ ಕುಳಿತರು. ಓದುತ್ತ ಹೋಗುವವರು ಇದನ್ನು ದಾಟಿಬಿಡುತ್ತಾರೆ. ನಾಲ್ಕನೆಯ ಶತಮಾನದ ಯೋಹಾನ ಕ್ರಿಸೋಸ್ತೋಮರು ದಾಟಲಿಲ್ಲ. 'ಹಾಗೆಯೇ' ಎಂದರೇನು ಎಂದು ಕೇಳಿಕೊಂಡು, ಸಿಂಹಾಸನದ ಮೇಲಲ್ಲ, ಮೆತ್ತೆಯ ಮೇಲಲ್ಲ, ಸುಮ್ಮನೆ, ಇದ್ದ ಹಾಗೆ, ನೆಲದ ಮೇಲೆ ಎಂದು ತಮ್ಮ ಪ್ರವಚನದಲ್ಲಿ ಬಿಡಿಸಿ ಹೇಳಿದರು. ಯೇಸುವನ್ನೇ 'ವಾಕ್ಯ' ಎಂದು ಕರೆದು, "ಆದಿಯಲ್ಲಿ ವಾಕ್ಯವಿತ್ತು, ವಾಕ್ಯವು ದೇವರಾಗಿತ್ತು" ಎಂದು ಎತ್ತರದ ಶ್ರುತಿಯಲ್ಲಿ ಆರಂಭಿಸಿದ ಅದೇ ಸುವಾರ್ತಾಕಾರ ನಾಲ್ಕನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ತನ್ನ ನಾಯಕನನ್ನು ನೆಲದ ಮೇಲೆ ಕೂರಿಸಿ, ಕುಡಿಯಲು ನೀರು ಕೊಡು ಎಂದು ಒಬ್ಬ ಹೆಂಗಸನ್ನು ಕೇಳಿಸುತ್ತಾನೆ. ಯೇಸುವನ್ನು ನಮ್ಮ ಲೇಖಕರು ಕೆಳಗಿಳಿಸಿದರು ಎಂದಿದ್ದೀರಲ್ಲ, ಅವರಿಗಿಂತ ಮೊದಲೇ ಯೋಹಾನ ಇಳಿಸಿ ಆಗಿತ್ತು.

ಯೇಸುವಿನ ಗೆಳೆಯ ಲಾಜರನ ಸಮಾಧಿಯ ಮುಂದೆಯೂ ಹೀಗೆಯೇ. 'ಯೇಸು ಅತ್ತರು' ಎಂಬ ಚಿಕ್ಕ ವಾಕ್ಯ ಎಲ್ಲರಿಗೂ ಗೊತ್ತು. ಅದಕ್ಕೆ ಎರಡು ವಚನ ಮುಂಚೆ ಇರುವ ಕ್ರಿಯಾಪದವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕುದುರೆ ಮೂಗರಳಿಸಿ ಬುಸುಗುಡುವುದಕ್ಕೆ ಗ್ರೀಕರು ಬಳಸುತ್ತಿದ್ದ ಪದ ಅದು. ಮನುಷ್ಯರ ವಿಷಯದಲ್ಲಿ ಬಂದರೆ ಸಿಟ್ಟಿನಿಂದ ಗದರುವುದು ಎಂದರ್ಥ. ಅನುವಾದಕರು ಬಹಳ ಮಂದಿ ಅದನ್ನು 'ಮನನೊಂದು' ಎಂಬಂತೆ ಮೆದುಮಾಡಿ ಮುಂದೆ ಸಾಗುತ್ತಾರೆ. ಗೆಳೆಯನ ಸಾವಿನೆದುರು ಯೇಸುವಿನ ಒಡಲಿಂದ ಹೊರಟ ಆ ಬಿಸಿಯುಸಿರು ಅವರಿಗೆ ಮುಜುಗರದ ವಿಷಯ.

ಮುಜುಗರದ ಮಾತು ಬಂದದ್ದರಿಂದ ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ನಾನು ಪತ್ರಿಕೆಯೊಂದರಲ್ಲಿ ಹೊಸದಾಗಿ ಸೇರಿದ್ದ ಕಾಲ. ಬಿರುಗಾಳಿಯನ್ನು ಶಾಂತಗೊಳಿಸಿದ ಪ್ರಸಂಗವನ್ನು ಕುರಿತು ಬರೆಯುತ್ತ 'ಯೇಸು ದೋಣಿಯ ಹಿಂಬದಿಯಲ್ಲಿ ನಿದ್ದೆಹೋಗಿದ್ದರು' ಎಂದಿದ್ದೆ. ಕರಡು ತಿದ್ದುತ್ತಿದ್ದ ಹಿರಿಯರೊಬ್ಬರು ಅದನ್ನು ಹೊಡೆದುಹಾಕಿ 'ಧ್ಯಾನಮಗ್ನರಾಗಿದ್ದರು' ಎಂದು ಮೇಲೆ ಬರೆದರು, ಹಾಗೆಯೇ ಅಚ್ಚಾಯಿತು. ಮಾರ್ಕನು ಆ ಜಾಗದಲ್ಲಿ ತಲೆದಿಂಬನ್ನೂ ಹೆಸರಿಸಿದ್ದಾನೆ. ಧ್ಯಾನಕ್ಕೆ ದಿಂಬೇಕೆ ಎಂದು ಕೇಳುವ ಧೈರ್ಯ ಆ ವಯಸ್ಸಿನಲ್ಲಿ ನನಗಿರಲಿಲ್ಲ. ಈಗ ಕೇಳಬಲ್ಲೆ, ಆದರೆ ಅವರಿಲ್ಲ.

ಬಹಳ ವರ್ಷಗಳ ಮೇಲೆ, ನಮ್ಮ ಆ ಹಿರಿಯರಿಗೆ ಸಾವಿರದಾರುನೂರು ವರ್ಷ ಹಿಂದಿನ ಒಬ್ಬ ಬಂಧು ಸಿಕ್ಕಿದ. ಸೀನಾಯಿ ಬೆಟ್ಟದ ಬುಡದ ಸಂತ ಕ್ಯಾಥರಿನ್ ಮಠದಲ್ಲಿದ್ದು, ಈಗ ಬಹುಪಾಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಒಂದು ಚರ್ಮದ ಹಾಳೆಗಳ ಬೈಬಲ್ ಹಸ್ತಪ್ರತಿಯಿದೆ. ಸೀನಾಯಿ ಕೋಡೆಕ್ಸ್ ಎಂದು ಹೆಸರು, ಬರೆದದ್ದು ನಾಲ್ಕನೆಯ ಶತಮಾನದಲ್ಲಿ. ಮತ್ತಾಯನ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ, ಆ ದಿನವೂ ಆ ಗಳಿಗೆಯೂ ಯಾರಿಗೂ ತಿಳಿಯದು, ಪರಲೋಕದ ದೂತರಿಗೂ ತಿಳಿಯದು, ಮಗನಿಗೂ ತಿಳಿಯದು, ತಂದೆಗೆ ಮಾತ್ರ ಗೊತ್ತು ಎಂದಿದೆಯಲ್ಲ, 'ಮಗನಿಗೂ' ಎಂಬುದು ಅಲ್ಲಿ ಮೂರೇ ಗ್ರೀಕ್ ಪದ. ಹಸ್ತಪ್ರತಿಯನ್ನು ನಕಲು ಮಾಡಿದ ಮೊದಲ ಕೈ ಆ ಮೂರು ಪದಗಳನ್ನು ಬರೆದಿದೆ. ಬಳಿಕ ತಿದ್ದಲು ಕುಳಿತ ಕೈ ಅವನ್ನು ತೆಗೆದುಹಾಕಿದೆ. ಅದಕ್ಕೂ ಬಳಿಕ ಬಂದ ಇನ್ನೊಂದು ಕೈ ಅವನ್ನು ಮತ್ತೆ ಸೇರಿಸಿದೆ. ಇಡೀ ಜೀವಮಾನವನ್ನು ಕರಡುಗಳ ನಡುವೆ ಕಳೆದ ನನಗೆ ಈ ಮೂರು ಕೈಗಳ ಜಗಳ ಕಣ್ಣಿಗೆ ಕಟ್ಟುತ್ತದೆ. ಮತ್ತಾಯನ ಎಷ್ಟೋ ಪ್ರತಿಗಳಲ್ಲಿ ಈ ಪದಗಳು ಇಲ್ಲವೇ ಇಲ್ಲ. ಮುಜುಗರಪಟ್ಟ ಲಿಪಿಕಾರರು ಬಿಟ್ಟಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಅದೃಷ್ಟಕ್ಕೆ ಮಾರ್ಕನಲ್ಲಿ ಅದೇ ಮಾತು ಬಹುತೇಕ ಎಲ್ಲ ಪ್ರತಿಗಳಲ್ಲೂ ಉಳಿದುಕೊಂಡಿತು. ತಾವು ಕೇಳಿದ ತಿದ್ದುಪಡಿ ಹೊಸದಲ್ಲ ಎಂದು ಹೇಳಲು ಇಷ್ಟೆಲ್ಲ ಬರೆದೆ.

ಇನ್ನು ಪರಿಷತ್ತುಗಳು. ಇವೆಲ್ಲ ಪಂಡಿತರ ಒಣಚರ್ಚೆ ಎಂದು ತಾವು ಭಾವಿಸಿಲ್ಲವೆಂಬುದೇ ನನಗೆ ಸಂತೋಷ. ನಾಲ್ಕನೆಯ ಶತಮಾನದ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಚಿಲ್ಲರೆ ಕೇಳಿದರೆ ಹುಟ್ಟಿದವನು, ಹುಟ್ಟಿಲ್ಲದವನು ಎಂಬ ತತ್ತ್ವ ಕೇಳಬೇಕು, ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು ಮಗ ಕಿರಿಯವನು ಎಂಬ ಉತ್ತರ ಬರುತ್ತದೆ, ಸ್ನಾನಕ್ಕೆ ನೀರು ಸಿದ್ಧವೇ ಎಂದರೆ ಮಗನು ಶೂನ್ಯದಿಂದ ಉಂಟಾದವನು ಎನ್ನುತ್ತಾರೆ ಎಂದು ನಿಸ್ಸಾದ ಗ್ರೆಗರಿ ಗೊಣಗಿದ್ದರು. ಅವರು ಗೊಣಗಿದ್ದು ಸರಿಯೇ ಇರಬಹುದು; ಆದರೂ ಅಂಥ ಬೀದಿಯಲ್ಲಿ ಒಂದು ದಿನ ಓಡಾಡಿ ಬರಬೇಕೆಂದು ನನಗೆ ಆಸೆ.

ನೈಸಿಯಾದಲ್ಲಿ, ಮಗನು ಸೃಷ್ಟಿಯಾದವನು ಎಂಬ ಅರಿಯಸ್‌ನ ವಾದ ಸೋತಿತು, ಮಗನು ತಂದೆಯೊಂದಿಗೆ ಒಂದೇ ಸತ್ತ್ವದವನು ಎಂದು ನಿರ್ಣಯವಾಯಿತು. ಅಲ್ಲಿಗೆ ಕತೆ ಮುಗಿಯಿತೆಂದು ನಮ್ಮ ಜನ ಪುಸ್ತಕ ಮುಚ್ಚುತ್ತಾರೆ. ಆದರೆ ಮುಂದಿನ ಪೆಟ್ಟು ಬಂದದ್ದು ನೈಸಿಯಾದ ಕಟ್ಟಾ ಬೆಂಬಲಿಗರ ಕಡೆಯಿಂದಲೇ. ಲವೊದಿಕೀಯದ ಬಿಷಪ್ ಅಪೊಲಿನಾರಿಸ್, ನೈಸಿಯಾ ಪಕ್ಷದ ಮುಂದಾಳು ಅಥನಾಸಿಯಸ್‌ರ ಮಿತ್ರರು. ಯೇಸುವಿನ ದೈವತ್ವದ ಮೇಲಿನ ಅಭಿಮಾನದಿಂದಲೇ ಅವರು, ಯೇಸುವಿಗೆ ಮಾನವ ದೇಹವಿತ್ತು, ಆದರೆ ಮಾನವ ಬುದ್ಧಿಯ ಜಾಗದಲ್ಲಿ ದೈವೀ ವಾಕ್ಯವೇ ಇತ್ತು ಎಂದು ಕಲಿಸಿದರು. 381ರ ಕಾನ್‌ಸ್ಟಾಂಟಿನೋಪಲ್ ಪರಿಷತ್ತು ಆ ಬೋಧನೆಯನ್ನು ತಳ್ಳಿಹಾಕಿತು. ನಜಿಯಾನ್ಜಸ್‌ನ ಗ್ರೆಗರಿ ಅದಕ್ಕೆ ಕೊಟ್ಟ ಉತ್ತರ ಒಂದೇ ಸಾಲು: ಯಾವುದನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ. ತಿಳಿಯದಿರುವುದು, ಕಲಿಯುವುದು, ಹೆದರುವುದು, ತಡವರಿಸುವುದು ಇವೆಲ್ಲ ನಡೆಯುವುದು ನಮ್ಮ ಬುದ್ಧಿಯಲ್ಲಿ. ಅದೊಂದನ್ನೇ ಬಿಟ್ಟು ಉಳಿದದ್ದನ್ನು ಧರಿಸಿದವರು ನಮ್ಮನ್ನು ಉಳಿಸುವುದು ಹೇಗೆ? ಪಾಪವೆಲ್ಲ ಹುಟ್ಟುವುದೂ ಅಲ್ಲಿಯೇ ಅಲ್ಲವೇ?

451ರ ಕಾಲ್ಸೆಡೋನ್ ಪರಿಷತ್ತಿನ ಪ್ರಸಿದ್ಧ ಸೂತ್ರ ತಮಗೆ ಬಾಯಿಪಾಠವಿರಬಹುದು. ಎರಡು ಸ್ವಭಾವಗಳು, ಒಬ್ಬರೇ ವ್ಯಕ್ತಿ. ಬೆರಕೆಯಾಗದೆ, ಬದಲಾಗದೆ, ಭಾಗವಾಗದೆ, ಬೇರ್ಪಡದೆ. ನಾಲ್ಕೂ 'ಅಲ್ಲ'ಗಳು. ಹೇಗೆ ಎಂಬುದನ್ನು ಅವರು ಹೇಳಲಿಲ್ಲ, ಹೇಗಲ್ಲ ಎಂಬುದಕ್ಕೆ ಬೇಲಿ ಹಾಕಿದರು. ಆದರೆ ನನಗೆ ಅತಿ ಪ್ರಿಯವಾದದ್ದು ಈ ನಾಲ್ಕಲ್ಲ. ನೈಸಿಯಾದಲ್ಲಿ ತಂದೆಯ ವಿಷಯದಲ್ಲಿ ಮಾತ್ರ ಬಳಸಿದ್ದ ಆ ಭಾರದ ಪದವನ್ನು, 'ಒಂದೇ ಸತ್ತ್ವದವನು' ಎಂಬುದನ್ನು, ಕಾಲ್ಸೆಡೋನ್ ಎರಡು ಸಲ ಬಳಸುತ್ತದೆ: ದೈವತ್ವದಲ್ಲಿ ತಂದೆಯೊಂದಿಗೆ ಒಂದೇ ಸತ್ತ್ವ, ಮಾನವತ್ವದಲ್ಲಿ ನಮ್ಮೊಂದಿಗೆ ಒಂದೇ ಸತ್ತ್ವ, ಪಾಪವೊಂದನ್ನು ಬಿಟ್ಟು ಎಲ್ಲದರಲ್ಲೂ ನಮ್ಮಂತೆ. ಎಷ್ಟು ದೇವರೋ ಅಷ್ಟೇ ಮನುಷ್ಯ. ತಕ್ಕಡಿಯ ಒಂದು ತಟ್ಟೆಗೆ ಭಕ್ತಿಯಿಂದಲೇ ಆಗಲಿ ಬೆರಳು ತಾಗಿಸುವಂತಿಲ್ಲ. ಆ ಸೂತ್ರವನ್ನು ಒಪ್ಪದೆ ಹೊರಗುಳಿದ ಕಾಪ್ಟಿಕ್, ಸಿರಿಯಾಕ್, ಅರ್ಮೇನಿಯನ್ ಸಭೆಗಳು ಕೂಡ ಯೇಸುವಿನ ಮಾನವತ್ವವನ್ನು ಅಲ್ಲಗಳೆದವುಗಳಲ್ಲ. ಅವರ ತಕರಾರು 'ಎರಡು' ಎಂಬ ಎಣಿಕೆಯ ಮೇಲೆ. 1973ರಲ್ಲಿ ಪೋಪ್ ಆರನೆಯ ಪೌಲ್ ಮತ್ತು ಕಾಪ್ಟಿಕ್ ಸಭೆಯ ಪೋಪ್ ಮೂರನೆಯ ಶೆನೂದಾ ಒಟ್ಟಿಗೆ ಸಹಿ ಹಾಕಿದ ಘೋಷಣೆಯಲ್ಲಿ, ಪರಿಪೂರ್ಣ ದೇವರು ಹಾಗೂ ಪರಿಪೂರ್ಣ ಮನುಷ್ಯ ಎಂಬುದನ್ನು ಇಬ್ಬರೂ ಒಪ್ಪಿದ್ದಾರೆ.

ಒಂದು ಅಸಮಾಧಾನವನ್ನೂ ಮುಚ್ಚಿಡಲಾರೆ. ಕಾಲ್ಸೆಡೋನ್ ಮೆಚ್ಚಿಕೊಂಡ ಪೋಪ್ ಲಿಯೋ ಅವರ ಪತ್ರದಲ್ಲಿ, ಸತ್ತ ಗೆಳೆಯನಿಗಾಗಿ ಅಳುವುದು ಒಂದು ಸ್ವಭಾವದ್ದು, ಅವನನ್ನು ಕೂಗಿ ಎಬ್ಬಿಸುವುದು ಇನ್ನೊಂದು ಸ್ವಭಾವದ್ದು ಎಂದು ಹಂಚಿಕೊಡುವ ಭಾಗವಿದೆ. ಲಿಯೋ ಅವರ ಉದ್ದೇಶ ಸರಿಯಾದದ್ದೇ. ಆದರೆ ಆಮೇಲಿನ ಬೋಧಕರ ಕೈಯಲ್ಲಿ ಅದು ಜಮಾ, ಖರ್ಚಿನ ಪುಸ್ತಕವಾಯಿತು: ಹಸಿವು ಈ ಖಾತೆಗೆ, ರೊಟ್ಟಿ ಹೆಚ್ಚಿಸಿದ್ದು ಆ ಖಾತೆಗೆ. ಸಮಾಧಿಯ ಮುಂದೆ ಅತ್ತವರೂ ಕೂಗಿದವರೂ ಒಬ್ಬರೇ, ಅದೂ ಒಂದೇ ಗಂಟಲಿನಿಂದ. ಅಳು ಇನ್ನೂ ಒಣಗಿರದ ಗಂಟಲು ಅದು.

ತಾವು 'ತೋರಿಸಿಕೊಂಡರು' ಎಂದು ಸಲೀಸಾಗಿ ಬರೆದಿರಿ. ಆ ಮಾತನ್ನು ಒಪ್ಪದ್ದಕ್ಕಾಗಿ ನಾಲಿಗೆ ಕಳೆದುಕೊಂಡವರಿದ್ದಾರೆ. ಏಳನೆಯ ಶತಮಾನದಲ್ಲಿ, ಕ್ರಿಸ್ತನಿಗೆ ಒಂದೇ ಸಂಕಲ್ಪ, ದೈವೀ ಸಂಕಲ್ಪ ಮಾತ್ರ ಎಂದರೆ ಸಾಮ್ರಾಜ್ಯದ ಒಡಕು ಕೂಡಿಕೊಳ್ಳುತ್ತದೆ ಎಂದು ಆಳುವವರು ಲೆಕ್ಕ ಹಾಕಿದರು. ಅದು ಫಲಿಸದಿದ್ದಾಗ 648ರಲ್ಲಿ ಚಕ್ರವರ್ತಿ ಎರಡನೆಯ ಕಾನ್‌ಸ್ಟಾನ್ಸ್ ಆ ಚರ್ಚೆಯನ್ನೇ ನಿಷೇಧಿಸಿದ. ಮ್ಯಾಕ್ಸಿಮಸ್ ಎಂಬ ಸನ್ಯಾಸಿ ಸುಮ್ಮನಾಗಲಿಲ್ಲ. ಗೆತ್ಸೇಮನೆ ತೋಟದಲ್ಲಿ "ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಆಗಲಿ" ಎಂದು ಯೇಸು ಪ್ರಾರ್ಥಿಸಿದರಲ್ಲ, ಅವರಿಗೆ ತಮ್ಮದೇ ಆದ ಮಾನವ ಚಿತ್ತವೊಂದು ಇರದಿದ್ದರೆ ಒಪ್ಪಿಸಿದ್ದಾದರೂ ಏನನ್ನು? ಆ ರಾತ್ರಿಯ ಪ್ರಾರ್ಥನೆ ನಾಟಕವಾಗಬಾರದೆಂಬುದು ಅವರ ವಾದದ ಜೀವಾಳ. 662ರಲ್ಲಿ, ಎಂಬತ್ತು ದಾಟಿದ ಆ ವೃದ್ಧರ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು. ಅದೇ ವರ್ಷ ತೀರಿಕೊಂಡರು. 680ರಿಂದ 681ರವರೆಗೆ ನಡೆದ ಮೂರನೆಯ ಕಾನ್‌ಸ್ಟಾಂಟಿನೋಪಲ್ ಪರಿಷತ್ತು ಅವರ ವಾದವನ್ನೇ ಎತ್ತಿಹಿಡಿಯಿತು.

ಭಾಷೆಯ ಪಾಲೂ ಇದರಲ್ಲಿದೆ ಎಂಬುದು ನನ್ನ ಹಳೆಯ ಗುಮಾನಿ. ಯೋಹಾನನ ಮೊದಲ ಅಧ್ಯಾಯದ ಹದಿನಾಲ್ಕನೆಯ ವಚನ ಗ್ರೀಕಿನಲ್ಲಿ ಬಹಳ ಒರಟಾಗಿದೆ: ವಾಕ್ಯವು ಮಾಂಸವಾಯಿತು. ಕನ್ನಡ ಬೈಬಲಿನಲ್ಲಿ ನಾವು ಓದುತ್ತ ಬಂದದ್ದು 'ನರಾವತಾರ ಎತ್ತಿ' ಎಂದು. ಕಿವಿಗೆ ಸೊಗಸಾಗಿದೆ, ಗಾಂಭೀರ್ಯವಿದೆ. ಆದರೆ ಅವತಾರವನ್ನು ಎತ್ತಿದವರು ಇಳಿಸಲೂಬಹುದು. ಮಾಂಸವಾದವರು ಹಿಂದೆ ಸರಿಯುವಂತಿಲ್ಲ. 'ಎತ್ತು' ಎಂಬಲ್ಲಿ ತೊಡುವ ಭಾವವಿದೆ, 'ಆಗು' ಎಂಬಲ್ಲಿ ಇಲ್ಲ. ಅನುವಾದಕರನ್ನು ದೂರುತ್ತಿಲ್ಲ, ಅವರ ಕಷ್ಟ ಅವರಿಗೆ. ತಮ್ಮ 'ತೋರಿಸಿಕೊಂಡರು' ಎಂಬ ಮಾತಿನ ಬೇರು ಆ 'ಎತ್ತಿ'ಯಲ್ಲಿಯೂ ಸ್ವಲ್ಪ ಇರಬಹುದು ಎಂದಷ್ಟೇ ಹೇಳಿದೆ.

ಅದರ ಜೊತೆಗೆ ಚಿತ್ರಗಳು, ಸಿನಿಮಾಗಳು. ನಲವತ್ತು ದಿನ ಉಪವಾಸವಿದ್ದು ಅಡವಿಯಿಂದ ಬಂದವರ ನಿಲುವಂಗಿ ಆಗ ತಾನೇ ಮಡಿಸಿ ತೆಗೆದಂತಿರುತ್ತದೆ. ಕೂದಲಿನ ಹಿಂದೆ ಬೆಳಕು, ಹಣೆಯಲ್ಲಿ ಬೆವರಿಲ್ಲ. ಬಡಗಿಯ ಕೈಯಲ್ಲಿ ಒಂದು ಗೀರೂ ಇಲ್ಲ. ಮಕ್ಕಳಿಗೆ ಹೇಳುವ ಕತೆಗಳಲ್ಲಿ ಬಾಲಯೇಸು ಎಲ್ಲವನ್ನೂ ಮೊದಲೇ ಬಲ್ಲ ಪುಟ್ಟ ಮುದುಕ; ಹನ್ನೆರಡು ವರ್ಷದ ಹುಡುಗ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತ, ಪ್ರಶ್ನೆ ಹಾಕುತ್ತ ಇದ್ದ, ಜ್ಞಾನದಲ್ಲಿ ಬೆಳೆಯುತ್ತ ಬಂದ ಎಂದು ಲೂಕ ಬರೆದದ್ದನ್ನು ಯಾರೂ ಹೇಳುವುದಿಲ್ಲ. ಶುಭ ಶುಕ್ರವಾರದ ಪ್ರಸಂಗ ಮಾಡುವವರಿಗೆ ಪುನರುತ್ಥಾನದ ಭಾನುವಾರ ತಲುಪುವ ಆತುರ. "ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ" ಎಂಬ ಕೂಗನ್ನು, ಅದು ಕೀರ್ತನೆಯ ಮೊದಲ ಸಾಲು, ಕೊನೆಯಲ್ಲಿ ಜಯವಿದೆ ಎಂದು ಸಮಾಧಾನ ಹೇಳಿ ದಾಟಿಸುತ್ತಾರೆ. ಕೀರ್ತನೆ ಎಂಬುದು ನಿಜ. ಆದರೆ ಮಾರ್ಕನು ಶಿಲುಬೆಯ ಮೇಲೆ ಹಾಕಿರುವುದು ಆ ಮೊದಲ ಸಾಲನ್ನು, ಕೊನೆಯದನ್ನಲ್ಲ. ಪೂಜಿಸಿ ದೂರ ಇಟ್ಟವರ ಮಾತು ಕೇಳಬೇಕಾಗಿಲ್ಲ ಎಂಬ ಅನುಕೂಲ ಈ ಎಲ್ಲದರ ಹಿಂದೆ ಇದೆಯೆಂದು ನನಗೆ ಅನುಮಾನ. ತಮ್ಮ ಮೇಲಲ್ಲ ಈ ಅನುಮಾನ. ವೇದಿಕೆಗಳಲ್ಲಿ ಗಂಟೆಗಟ್ಟಲೆ ಮಾತನಾಡುವವರ ಮೇಲೆ.

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಚಿತ್ರದ ಮುದ್ರಿತ ಪ್ರತಿಯಿದೆ. ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಇಸೆನ್‌ಹೈಮ್‌ನ ಮಠಕ್ಕೆ ಬರೆದುಕೊಟ್ಟದ್ದು. ಈಗ ಫ್ರಾನ್ಸಿನ ಕೋಲ್ಮಾರ್‌ನ ಮ್ಯೂಸಿಯಮ್ಮಿನಲ್ಲಿದೆ. ಬೂಷ್ಟು ಹತ್ತಿದ ಧಾನ್ಯ ತಿಂದವರಿಗೆ ಬರುತ್ತಿದ್ದ, ಚರ್ಮ ಸುಟ್ಟಂತೆ ಉರಿದು ಕೈಕಾಲು ಕೊಳೆಯುತ್ತಿದ್ದ ರೋಗದವರನ್ನು ಆರೈಕೆ ಮಾಡುತ್ತಿದ್ದ ಮಠ ಅದು. ಶಿಲುಬೆಯ ಮೇಲಿನ ದೇಹ ಹಸಿರುಗಟ್ಟಿದೆ, ಮೈತುಂಬ ಹುಣ್ಣು, ಬೆರಳುಗಳು ಆಕಾಶದ ಕಡೆ ಸೆಟೆದುಕೊಂಡು ನಿಂತಿವೆ. ರೋಗಿಗಳು ಅದರಲ್ಲಿ ತಮ್ಮದೇ ಚರ್ಮವನ್ನು ಕಾಣಬಹುದಿತ್ತು. ಇದನ್ನು ನಮ್ಮ ಹಿಂದಿನ ಒಂದು ಸಂಚಿಕೆಯ ಮುಖಪುಟಕ್ಕೆ ಹಾಕಬೇಕೆಂದಿದ್ದೆ. ಓದುಗರಿಗೆ ಅಸಹ್ಯವಾದೀತೆಂದು ಸಹೋದ್ಯೋಗಿಗಳು ತಡೆದರು, ನಾನೂ ಸೋತೆ. ಆ ಸೋಲಿನ ಕಹಿ ಈ ಉತ್ತರದಲ್ಲಿ ಅಲ್ಲಲ್ಲಿ ಇಣುಕಿದ್ದರೆ ಮನ್ನಿಸಿ.

ಇನ್ನು ತಿದ್ದುಪಡಿಯ ವಿಷಯ. 'ದಣಿದರು' ಎಂಬುದು ಹಾಗೆಯೇ ಇರುತ್ತದೆ. ಆದರೆ ಅದೇ ಲೇಖನದ ಮೂರನೆಯ ಕಾಲಮ್ಮಿನಲ್ಲಿ ಕಾಲ್ಸೆಡೋನ್ ಪರಿಷತ್ತಿನ ವರ್ಷ 415 ಎಂದು ಅಚ್ಚಾಗಿದೆ. ಅದು 451 ಎಂದಿರಬೇಕಿತ್ತು. ಆರು ಪುಟಗಳಲ್ಲಿ ತಾವು ಅದನ್ನು ಗಮನಿಸಿರಲಿಲ್ಲ, ಕರಡು ನೋಡಿದ ನಾನೂ ಗಮನಿಸಿರಲಿಲ್ಲ. ಆ ದಿನ ನನಗೆ ಬಹಳ ದಣಿವಾಗಿತ್ತು.